ಎಲ್ಲವೂ ಕಂದು ಬಾತುಗಳೇ, ಹೆಸರು ಹೇಳುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನವೆಂಬರ್ ಕೊನೆಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿದ್ದೆ. ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತು ಸಲೀಸಾಗಿ ಗೊತ್ತಾಯಿತು. ಆದರೆ ಅವುಗಳ ಪಕ್ಕ ಇದ್ದ ಸಣ್ಣ ಬಾತುಗಳೆಲ್ಲ ಒಂದೇ ಥರ ಕಂದು. ಮುನ್ನೂರು ಫೋಟೊ ತೆಗೆದೆ. ಮನೆಗೆ ಬಂದು ಪುಸ್ತಕ ಹಿಡಿದು ಕೂತರೆ ಒಂದೂ ಹೊಂದುತ್ತಿಲ್ಲ. ಪುಸ್ತಕದಲ್ಲಿ ಗಂಡು ಬಾತುಗಳು ಎಷ್ಟು ಬಣ್ಣ ಬಣ್ಣ ಇವೆ! ನನಗೆ ಗಂಡು ಸಿಗಲೇ ಇಲ್ಲವಾ? ಲೆನ್ಸ್ 70–300.
— ಓದುಗರು, ಗದಗ

ಉತ್ತರ: ಗಂಡು ನಿಮ್ಮ ಫೋಟೊದಲ್ಲೇ ಇರಬಹುದು. ಮರಿ ಮಾಡುವ ಕಾಲ ಮುಗಿದ ಮೇಲೆ ಬಾತುಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತವೆ. ಕೆಲವು ವಾರ ಹಾರಲಿಕ್ಕೇ ಆಗುವುದಿಲ್ಲ. ಆಗ ಬಣ್ಣ ಹೊತ್ತು ಎದ್ದು ಕಂಡರೆ ಜೀವಕ್ಕೇ ಅಪಾಯ, ಅಲ್ವಾ? ಅದಕ್ಕೇ ಗಂಡು ಕೂಡ ಹೆಣ್ಣಿನ ಹಾಗೆ ಕಂದಾಗುತ್ತದೆ. ನಮ್ಮ ಕೆರೆಗೆ ಬಂದಿಳಿಯುವಾಗ ಎಷ್ಟೋ ಗಂಡುಗಳು ಇನ್ನೂ ಅದೇ ವೇಷದಲ್ಲಿರುತ್ತವೆ. ಡಿಸೆಂಬರ್, ಜನವರಿ ಹೊತ್ತಿಗೆ ಪಿನ್‌ಟೇಲ್, ಶವಲರ್ ಜಾತಿಯ ಬಾತುಗಳಿಗೆ ಬಣ್ಣ ಬರುತ್ತದೆ. ಗಾರ್ಗನಿ ಅನ್ನುವ ಬಾತು ಮಾತ್ರ ಇನ್ನೂ ತಡ ಮಾಡುತ್ತದೆ.

ಹಾಗಾಗಿ ಮೈಬಣ್ಣ ಬಿಡಿ, ಮೊದಲು ಕೊಕ್ಕು ನೋಡಿ. ಸಲಿಕೆ ಹಾಗೆ ತುದಿ ಅಗಲ ಇದ್ದರೆ ಶವಲರ್, ಬೇರೆ ಏನೂ ನೋಡುವುದು ಬೇಡ. ಕತ್ತು ಉದ್ದ, ತಲೆ ಗೆರೆಯಿಲ್ಲದ ತಿಳಿ ಕಂದು, ಕೊಕ್ಕು ಬೂದು ಅಂದರೆ ಹೆಣ್ಣು ಪಿನ್‌ಟೇಲ್. ಕಪ್ಪು ಕೊಕ್ಕಿನ ತುದಿಗೆ ಹಳದಿ ಅದ್ದಿದ ಹಾಗಿದ್ದರೆ ವಲಸೆಯದ್ದಲ್ಲ, ವರ್ಷವಿಡೀ ನಮ್ಮಲ್ಲೇ ಇರುವ ಸ್ಪಾಟ್‌ಬಿಲ್. ಅದರಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ.

ಎಲ್ಲರನ್ನೂ ಕಾಡುವುದು ಗಾರ್ಗನಿ ಮತ್ತು ಟೀಲ್ ಅನ್ನುವ ಇನ್ನೊಂದು ಬಾತು. ಎರಡೂ ಚಿಕ್ಕವು, ಎರಡೂ ಕಂದು. ಫೋಟೊ ದೊಡ್ಡದು ಮಾಡಿ ಮುಖ ನೋಡಿ. ಗಾರ್ಗನಿಗೆ ಕಣ್ಣಿನ ಮೂಲಕ ಒಂದು ಕಪ್ಪು ಗೆರೆ, ಅದರ ಕೆಳಗೆ ಕೆನ್ನೆ ಮೇಲೆ ಇನ್ನೊಂದು ಮಸುಕು ಗೆರೆ, ಕೊಕ್ಕಿನ ಬುಡದಲ್ಲಿ ಬೆಳ್ಳನೆ ಮಚ್ಚೆ. ಟೀಲ್ ಮುಖ ಇಷ್ಟು ಗೆರೆ ಗೆರೆ ಇರುವುದಿಲ್ಲ. ಬಾಲದ ಬದಿಯಲ್ಲಿ ಸಣ್ಣ ಬಿಳಿ ಗೀರು ಕಂಡರಂತೂ ಅದು ಟೀಲ್.

ಇಷ್ಟಾದರೂ ಅನುಮಾನವಾ? ಹಾಗಾದರೆ ರೆಕ್ಕೆಯ ಫೋಟೊ ಬೇಕು. ಇದಕ್ಕಾಗಿ ಕೆಲವರು ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಿಂಡನ್ನೇ ಎಬ್ಬಿಸುತ್ತಾರೆ. ದಯವಿಟ್ಟು ಬೇಡ. ಹಗಲಲ್ಲಿ ಸುಮ್ನೆ ತೇಲುತ್ತಿವೆ ಅಂತ ಕಂಡರೂ ಅವು ರಾತ್ರಿ ಮೇಯ್ದು ಬಂದು ದಣಿವಾರಿಸಿಕೊಳ್ಳುತ್ತಿರುತ್ತವೆ. ನೀವು ಕಾದರೆ ಅವೇ ರೆಕ್ಕೆ ತೋರಿಸುತ್ತವೆ. ಬಾತು ಸ್ನಾನಕ್ಕಿಳಿದರೆ ತಲೆ ಅದ್ದಿ ಅದ್ದಿ ಬೆನ್ನ ಮೇಲೆ ನೀರು ಚೆಲ್ಲಿಕೊಳ್ಳುತ್ತದೆ, ಬಾಲ ಒದರುತ್ತದೆ, ಒಂದು ಕ್ಷಣ ಸುಮ್ಮನಾಗುತ್ತದೆ, ಆಮೇಲೆ ನೀರಿನ ಮೇಲೆ ನೆಟ್ಟಗೆ ಎದ್ದು ಎರಡೂ ರೆಕ್ಕೆ ಬಿಚ್ಚಿ ನಾಲ್ಕೈದು ಸಲ ಬಡಿಯುತ್ತದೆ. ಸ್ನಾನ ಶುರುವಾದ ಕೂಡಲೇ ಅದೊಂದರ ಮೇಲೇ ಫೋಕಸ್ ಇಟ್ಟುಕೊಳ್ಳಿ, ಶಟರ್ 1/2000 ಸೆಕೆಂಡ್, ಒತ್ತಿ ಹಿಡಿದರೆ ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್ ಮೋಡ್. ರೆಕ್ಕೆಯ ಹಿಂಬದಿಯಲ್ಲಿ ಹೊಳೆಯುವ ಹಸಿರು ಪಟ್ಟಿ ಇದ್ದು ಉಳಿದ ರೆಕ್ಕೆ ಕಂದಾದರೆ ಟೀಲ್. ರೆಕ್ಕೆಯ ಮುಂಭಾಗ ತಿಳಿ ನೀಲಿ ಬೂದು ಬಣ್ಣ ಬಂದರೆ ಅದು ವೇಷ ಮರೆಸಿಕೊಂಡ ಗಂಡು ಗಾರ್ಗನಿ! ನೀವು ಹುಡುಕುತ್ತಿದ್ದ ಗಂಡು ಅದೇ.

ನಿಮ್ಮ 300 ಲೆನ್ಸ್ ಗುರುತಿಸುವ ಕೆಲಸಕ್ಕೆ ಸಾಕು. ಬೆಳಗ್ಗೆ ಸೂರ್ಯನಿಗೆ ಬೆನ್ನು ಹಾಕಿ, ಏರಿಯ ಮೇಲೆ ನಿಲ್ಲದೆ ಕೆಳಗಿಳಿದು ಕೂತು ತೆಗೆಯಿರಿ. ಬಿಸಿಲು ಏರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯುತ್ತದೆ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಫೋಟೊ ಮಂಜು ಮಂಜಾಗುತ್ತದೆ.

ಇನ್ನೊಂದು ಮಾತು. ಹೆಬ್ಬಾತುಗಳ ಕೊರಳನ್ನೂ ಗಮನಿಸಿ. ಮಂಗೋಲಿಯಾದಲ್ಲಿ ಗುರುತಿಗೆಂದು ಕೊರಳಪಟ್ಟಿ ಹಾಕಿದ ಹೆಬ್ಬಾತುಗಳು ಮೈಸೂರು ಕಡೆಯ ಕೆರೆಗಳಲ್ಲಿ ಸಿಕ್ಕಿವೆ. ಪಟ್ಟಿಯ ಅಕ್ಷರ, ಅಂಕಿ ಓದುವ ಹಾಗೆ ಒಂದು ಫೋಟೊ ಸಿಕ್ಕಿದರೆ ತಾರೀಕು, ಜಾಗ ಸೇರಿಸಿ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕಿ. ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಲ್ಲಿನ ಒಂದೊಂದು ದಾಖಲೆಗೂ ಬೆಲೆ ಇದೆ.

ಪ್ರಶ್ನೆ: ಮೈಯೆಲ್ಲ ಕಪ್ಪು, ಹಣೆ ಬಿಳಿ. ಇದು ಯಾವ ಬಾತು? ನನ್ನ ಫೋಟೊದಲ್ಲಿ ಬರೀ ಕಪ್ಪು ಮುದ್ದೆ ಥರ ಬರುತ್ತದೆ.
— ಓದುಗರು, ಮೈಸೂರು

ಉತ್ತರ: ಅದು ಬಾತೇ ಅಲ್ಲ, ನಾಮದ ಕೋಳಿ. ಹೊಳೆಯುವ ನೀರು ಕ್ಯಾಮೆರಾಗೆ ಮೋಸ ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ (+1) ಜಾಸ್ತಿ ಮಾಡಿ, ಕೆಂಪು ಕಣ್ಣು ಕೂಡ ಕಾಣುತ್ತದೆ. ದಡಕ್ಕೆ ಹತ್ತಿದಾಗ ಕಾಲು ನೋಡಿ. ಬಾತಿಗೆ ಬೆರಳುಗಳ ನಡುವೆ ಚರ್ಮ ಇರುತ್ತದೆ, ಇದಕ್ಕೆ ಪ್ರತಿ ಬೆರಳಿಗೂ ಬೇರೆ ಬೇರೆ ಎಲೆ ಅಂಟಿಸಿದ ಹಾಗೆ ಅಗಲವಾದ ಚರ್ಮದ ಅಂಚು.