ಗೇನ್ ಇಳಿಸಿ, ಮಿಡ್ ಏರಿಸಿ: ಕ್ಲಾಸಿಕ್ ರಾಕ್ ಗಿಟಾರ್ ಟೋನ್ ಪ್ರಶ್ನೋತ್ತರ

ಪ್ರಶ್ನೆ: ಎಪ್ಪತ್ತರ ದಶಕದ ರಾಕ್ ಗಿಟಾರಿನ ಸದ್ದು ಬೇಕೆಂದು ಓವರ್‌ಡ್ರೈವ್ ಪೆಡಲ್‌ನ ಗೇನ್ ಪೂರ್ತಿ ಏರಿಸಿದ್ದೇನೆ. ಆಂಪ್‌ನಲ್ಲಿ ಬಾಸ್ ಮತ್ತು ಟ್ರೆಬಲ್ 8, ಮಿಡ್ 2. ಒಬ್ಬನೇ ನುಡಿಸುವಾಗ ಭರ್ಜರಿಯಾಗಿದೆ. ಡ್ರಮ್ಸ್, ಬಾಸ್ ಸೇರಿದ ಕೂಡಲೇ ಗಿಟಾರ್ ಕೇಳಿಸುವುದೇ ಇಲ್ಲ. ಏಕೆ?

ಉತ್ತರ: ಗಿಟಾರಿನ ಜೀವ ಇರುವುದೇ ನೀವು ತೆಗೆದುಹಾಕಿರುವ ಮಿಡ್‌ನಲ್ಲಿ. ಕೆಳಗಿನ ಸ್ವರಗಳ ಜಾಗವನ್ನು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ತುಂಬುತ್ತವೆ, ಮೇಲಿನದನ್ನು ಸಿಂಬಲ್‌ಗಳು. ಉಳಿಯುವುದು ನಡುವಿನ ಪಟ್ಟಿ. ಅಲ್ಲಿ ನೀವಿಲ್ಲದಿದ್ದರೆ ವಾಲ್ಯೂಮ್ ಎಷ್ಟು ಏರಿಸಿದರೂ ಗದ್ದಲ ಹೆಚ್ಚುತ್ತದೆಯೇ ಹೊರತು ಗಿಟಾರ್ ಮುಂದೆ ಬರುವುದಿಲ್ಲ.

ಇನ್ನು ಗೇನ್, ಅಂದರೆ ಸಿಗ್ನಲ್ ಅನ್ನು ಉಬ್ಬಿಸಿ ಸದ್ದು ಒಡೆಯಿಸುವ ನಾಬ್. ಆ ಕಾಲದ ಧ್ವನಿಮುದ್ರಣಗಳಲ್ಲಿ ಡಿಸ್ಟಾರ್ಷನ್ (ಸದ್ದಿನ ಒಡಕು) ನಾವು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ. ಆ ತೂಕ ಬಂದದ್ದು ಜೋರಾಗಿ ದುಡಿಯುತ್ತಿದ್ದ ಆಂಪ್ ಮತ್ತು ಸ್ಪೀಕರ್‌ನಿಂದ, ಒಂದೇ ರಿಫ್ (ಮರುಕಳಿಸುವ ಪುಟ್ಟ ಸ್ವರಪಂಕ್ತಿ) ಅನ್ನು ಎರಡು ಸಲ ನುಡಿಸಿ ಎಡ ಬಲಕ್ಕೆ ಹಂಚುವುದರಿಂದ. ಗೇನ್ ಅತಿಯಾದರೆ ಪಿಕ್ ತಂತಿಗೆ ತಾಗುವ ಪೆಟ್ಟು ಸಪಾಟಾಗಿ, ಕಾರ್ಡ್‌ನ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಹೀಗೆ ಮಾಡಿ ನೋಡಿ. ಪೆಡಲ್ ಆಫ್ ಮಾಡಿ. ಬಾಸ್ 4, ಮಿಡ್ 7, ಟ್ರೆಬಲ್ 5. ಗಿಟಾರಿನ ವಾಲ್ಯೂಮ್ 10ರಲ್ಲಿಟ್ಟು, ಮೆಲ್ಲಗೆ ಮೀಟಿದರೆ ತಿಳಿಯಾಗಿ, ಬಲವಾಗಿ ಮೀಟಿದರೆ ಸದ್ದು ಒಡೆಯುವಷ್ಟು (ಡಿಸ್ಟಾರ್ಟ್ ಆಗುವಷ್ಟು) ಮಾತ್ರ ಆಂಪ್‌ನ ಗೇನ್ ಏರಿಸಿ. ಆಮೇಲೆ ಪೆಡಲ್ ಆನ್ ಮಾಡಿ: ಡ್ರೈವ್ 2, ಟೋನ್ ನಡುವೆ, ಲೆವೆಲ್ 7 ಅಥವಾ 8. ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಬಾಸ್ ತಗ್ಗಿಸಿ ನಡುವನ್ನು ಉಬ್ಬಿಸುತ್ತದೆ. ಅದಕ್ಕೇ ಆಂಪ್‌ಗೆ ಗೇನ್ ತಳ್ಳಿದರೂ ದಪ್ಪ ತಂತಿಗಳು ಮುದ್ದೆಯಾಗುವುದಿಲ್ಲ. ಡ್ರೈವ್ ಹೆಚ್ಚಿಸಿ ಲೆವೆಲ್ ಇಳಿಸಿದರೆ ಕೇಳುವುದು ಪೆಡಲ್ ಮಾತ್ರ, ಆಂಪ್ ಅಲ್ಲ.

ನಿಮ್ಮದು ಟ್ರಾನ್ಸಿಸ್ಟರ್ ಆಂಪ್ ಆಗಿದ್ದರೆ ಅದನ್ನು ಒಡೆಯುವ ಮಟ್ಟಕ್ಕೆ ಒಯ್ಯಬೇಡಿ, ಕರ್ಕಶವಾಗುತ್ತದೆ. ಆಂಪ್ ತಿಳಿಯಾಗಿಯೇ ಇರಲಿ. ಕಡಿಮೆ ಗೇನ್‌ನ ಎರಡು ಪೆಡಲ್‌ಗಳನ್ನು ಒಂದರ ಹಿಂದೆ ಒಂದು ಇಟ್ಟು, ಎರಡನೆಯದನ್ನು ಆಂಪ್ ಎಂದೇ ಭಾವಿಸಿ ಸದಾ ಆನ್ ಇಡಿ.

ರಿದಮ್‌ಗೆ ಗಿಟಾರಿನ ವಾಲ್ಯೂಮ್ 6 ಅಥವಾ 7, ಸೋಲೋಗೆ 10. ಈ ಒಂದು ಅಭ್ಯಾಸ ಹೊಸ ಪೆಡಲ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ವಾಲ್ಯೂಮ್ ಇಳಿಸಿದಾಗ ಸದ್ದು ಮಸುಕಾದರೆ, ವಾಲ್ಯೂಮ್ ಪಾಟ್‌ನ (ನಾಬ್‌ನ ಕೆಳಗಿನ ಬಿಡಿಭಾಗ) ಇನ್‌ಪುಟ್ ಮತ್ತು ಔಟ್‌ಪುಟ್ ಕಾಲುಗಳ ನಡುವೆ 150 ಕಿಲೋಓಮ್ ರೆಸಿಸ್ಟರ್ ಮತ್ತು 680ರಿಂದ 1000 ಪಿಕೋಫ್ಯಾರಡ್ ಕೆಪಾಸಿಟರ್‌ಗಳನ್ನು ಪ್ಯಾರಲಲ್ ಆಗಿ ಬೆಸುಗೆ ಹಾಕಿಸಿ.

ಪ್ರಶ್ನೆ: ಮೊದಲ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ನಿರ್ವಾತ ಕೊಳವೆಗಳಿಂದ ನಡೆಯುವುದು) ಕೊಳ್ಳುತ್ತಿದ್ದೇನೆ. ಮನೆಯ ಅಭ್ಯಾಸ, ಆಗೀಗ ಬ್ಯಾಂಡ್. ಫೆಂಡರ್, ಮಾರ್ಷಲ್, ವಾಕ್ಸ್ ಬಗೆಗಳಲ್ಲಿ ಯಾವುದು? ಎಷ್ಟು ವಾಟ್?

ಉತ್ತರ: ಮೂರೂ ಸಂಬಂಧಿಕರೇ, ಸ್ವಭಾವ ಬೇರೆ. ಮಾರ್ಷಲ್‌ನ ಮೊದಲ ಆಂಪ್ ಜೆಟಿಎಂ45ರ ಸರ್ಕ್ಯೂಟ್ ಬಹುಮಟ್ಟಿಗೆ ಫೆಂಡರ್ ಬಾಸ್‌ಮ್ಯಾನ್ 5ಎಫ್6-ಎ ಮಾದರಿಯದೇ. ಅದಕ್ಕೆ ಹಿಂಬದಿ ಮುಚ್ಚಿದ ನಾಲ್ಕು 12 ಇಂಚಿನ ಸ್ಪೀಕರ್‌ಗಳ ಪೆಟ್ಟಿಗೆ ಸೇರಿತು, ಮುಂದೆ ಇಎಲ್34 ಟ್ಯೂಬ್‌ಗಳು ಬಂದವು. ನಡುಸ್ವರದ ಆ ಗುಡುಗು ಹುಟ್ಟಿದ್ದು ಹಾಗೆ. ಅರವತ್ತರ ದಶಕದಿಂದೀಚಿನ ಫೆಂಡರ್‌ಗಳಲ್ಲಿ ಮಿಡ್ ತಗ್ಗು, ಬಾಸ್ ಅಗಲ, ತಿಳಿ ಸದ್ದು ಹೆಚ್ಚು. ಪೆಡಲ್‌ಗಳಿಗೆ ಒಳ್ಳೆಯ ನೆಲ. ವಾಕ್ಸ್ ಎಸಿ30ರ ಇಎಲ್84 ಟ್ಯೂಬ್‌ಗಳು ಗಂಟೆಯಂಥ ಹೊಳಪು ಕೊಟ್ಟು ನಿಧಾನವಾಗಿ ಒಡೆಯುತ್ತವೆ. ಕ್ವೀನ್‌ನ ಬ್ರಿಯಾನ್ ಮೇ ಅವರ ಸದ್ದು ಇದೇ ಆಂಪ್‌ನ ಮುಂದೆ ಟ್ರೆಬಲ್ ಬೂಸ್ಟರ್ ಇಟ್ಟು ಬಂದದ್ದು. ನಿಮಗೆ ರಿಫ್ ಮುಖ್ಯವಾದರೆ ಮಾರ್ಷಲ್ ಬಗೆಯನ್ನೇ ಆರಿಸಿ.

ವಾಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 100 ವಾಟ್ ಆಂಪ್ 50 ವಾಟ್‌ಗಿಂತ ಜೋರಾಗಿರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಅರ್ಧ ಎನಿಸಬೇಕಾದರೆ ವಾಟ್ ಹತ್ತರಲ್ಲಿ ಒಂದಾಗಬೇಕು. ಹಾಗಾಗಿ 5 ವಾಟ್ ಆಂಪ್ 50 ವಾಟ್‌ನ ಅರ್ಧದಷ್ಟು ಜೋರು, ಮಲಗುವ ಕೋಣೆಗೆ ಅದೂ ಅತಿಯೇ. ಬ್ಯಾಂಡ್ ಇರುವುದರಿಂದ ನಿಮಗೆ 15ರಿಂದ 20 ವಾಟ್ ಸರಿ. ಪವರ್ ತಗ್ಗಿಸುವ ಸ್ವಿಚ್ ಇರುವುದನ್ನು ಹುಡುಕಿ, ಇಲ್ಲವೇ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ (ಶಕ್ತಿಯನ್ನು ಹೀರಿ ಸದ್ದು ತಗ್ಗಿಸುವ ಪೆಟ್ಟಿಗೆ) ಹಾಕಿ. ಬರೀ ಮಾಸ್ಟರ್ ವಾಲ್ಯೂಮ್ ಇಳಿಸಿದರೆ ಪ್ರಿಆಂಪ್ (ಆಂಪ್‌ನ ಮೊದಲ ಹಂತ) ಟ್ಯೂಬ್‌ಗಳಲ್ಲಷ್ಟೇ ಸದ್ದು ಒಡೆಯುತ್ತದೆ, ಪವರ್ ಟ್ಯೂಬ್‌ಗಳು ಸುಮ್ಮನಿರುತ್ತವೆ. ಆಗ ಸದ್ದು ತೆಳ್ಳಗೆ ಗುಂಯ್‌ಗುಡುತ್ತದೆ.

ಸ್ಪೀಕರ್ ಅನ್ನು ಮರೆಯಬೇಡಿ. 8 ಇಂಚಿನ ಸ್ಪೀಕರ್‌ನಿಂದ ಈ ಟೋನ್ ಬರುವುದು ಕಷ್ಟ. 12 ಇಂಚಿನದೇ ಇರಲಿ. ಟ್ಯೂಬ್ ಬ್ರ್ಯಾಂಡ್ ಬದಲಿಸಿದರೆ ಆಗುವ ವ್ಯತ್ಯಾಸಕ್ಕಿಂತ ಸ್ಪೀಕರ್ ಬದಲಿಸಿದರೆ ಆಗುವುದು ಎಷ್ಟೋ ದೊಡ್ಡದು. ಸೆಲೆಷನ್ ಗ್ರೀನ್‌ಬ್ಯಾಕ್ ಈ ಸಂಗೀತದ ಸದ್ದೇ ಆಗಿಹೋಗಿದೆ, ಆದರೆ ಅದರ ಮಿತಿ 25 ವಾಟ್. 20 ವಾಟ್ ಎಂದು ಬರೆದ ಆಂಪ್‌ನ ಸದ್ದು ಪೂರ್ತಿ ಒಡೆದಾಗ 30 ವಾಟ್ ದಾಟಬಹುದು, ಒಂಟಿ ಗ್ರೀನ್‌ಬ್ಯಾಕ್‌ನ ಕಾಯಿಲ್ ಸುಡಬಹುದು. ಎರಡು ಹಾಕಿ, ಅಥವಾ ಹೆಚ್ಚು ವಾಟ್ ತಾಳುವ ಒಂದನ್ನು ಹಾಕಿ.

ಪ್ರಶ್ನೆ: ನನ್ನ ಪೆಡಲ್ ಸಾಲು ಟ್ಯೂನರ್, ವಾಹ್ (ಕಾಲಿನಿಂದ ಸ್ವರದ ಬಣ್ಣ ಬದಲಿಸುವುದು), ಜರ್ಮೇನಿಯಂ ಫಜ್ (ಒರಟಾದ ಡಿಸ್ಟಾರ್ಷನ್ ಪೆಡಲ್), ಆಂಪ್. ಫಜ್ ಚುಚ್ಚುವಂತಿದೆ, ಗಿಟಾರಿನ ವಾಲ್ಯೂಮ್ ಇಳಿಸಿದರೂ ತಿಳಿಯಾಗುತ್ತಿಲ್ಲ.

ಉತ್ತರ: ಟ್ಯೂನರ್‌ನ ಬಫರ್ (ಸಿಗ್ನಲ್ ಅನ್ನು ಬಲಪಡಿಸಿ ದಾಟಿಸುವ ಒಳಸರ್ಕ್ಯೂಟ್) ಇದಕ್ಕೆ ಕಾರಣವಿರಬೇಕು. 1966ರಲ್ಲಿ ಬಂದ ಫಜ್ ಫೇಸ್ ಮತ್ತು ಅದರ ಮಾದರಿಯವು ಎರಡೇ ಟ್ರಾನ್ಸಿಸ್ಟರ್‌ಗಳ ಸರ್ಕ್ಯೂಟ್. ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಬಹಳ ಕಡಿಮೆ ಇರುವುದರಿಂದ ಅವು ಪಿಕಪ್‌ನ ಕಾಯಿಲ್ ಜತೆಗೇ ಸೇರಿ ಕೆಲಸ ಮಾಡುತ್ತವೆ. ನಡುವೆ ಬಫರ್ ಬಂದರೆ ಆ ನಂಟು ಕಡಿದು, ಟ್ರೆಬಲ್ ಚುಚ್ಚುತ್ತದೆ, ವಾಲ್ಯೂಮ್ ನಾಬ್ ಕೆಲಸ ಬಿಡುತ್ತದೆ. ವೈರ್‌ಲೆಸ್ ರಿಸೀವರ್ ಕೂಡ ಬಫರೇ. ಫಜ್ ಅನ್ನು ಗಿಟಾರಿನ ನೇರ ಮುಂದಿಡಿ. ಆಮೇಲೆ ವಾಹ್, ಟ್ಯೂನರ್. ವಾಹ್ ಫಜ್‌ಗಿಂತ ಮುಂಚೆಯೇ ಇರಬೇಕೆಂದರೆ ಅದರ ಔಟ್‌ಪುಟ್‌ನಲ್ಲಿ ಫಜ್‌ಗೆಂದೇ ಮಾಡಿದ ಬಫರ್ ಬೇಕು. ಇಲ್ಲವಾದರೆ ವಾಹ್‌ನ ತಿರುವು ಕುಗ್ಗುತ್ತದೆ, ಕೆಲವೊಮ್ಮೆ ಶಿಳ್ಳೆ ಹೊಡೆಯುತ್ತದೆ.

ಇನ್ನೊಂದು ಎಚ್ಚರ. ಹಳೆಯ ಬಗೆಯ ಪಿಎನ್‌ಪಿ ಜರ್ಮೇನಿಯಂ ಫಜ್‌ಗಳಲ್ಲಿ ಪಾಸಿಟಿವ್ ಗ್ರೌಂಡ್ ಇರುತ್ತದೆ. ಬೇರೆ ಪೆಡಲ್‌ಗಳ ಜತೆ ಒಂದೇ ಪವರ್ ತಂತಿಗೆ ಸಿಕ್ಕಿಸಿದರೆ ಸಪ್ಲೈ ಶಾರ್ಟ್ ಆಗುತ್ತದೆ. ಬ್ಯಾಟರಿ ಅಥವಾ ಪ್ರತ್ಯೇಕ ಐಸೊಲೇಟೆಡ್ ಔಟ್‌ಪುಟ್ ಬಳಸಿ. ಬಿಸಿಲಲ್ಲಿ ಜರ್ಮೇನಿಯಂನ ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡುವ ಮಟ್ಟ) ಜಾರಿ ಸ್ವರ ತೊದಲುತ್ತದೆ. ಹೊರಾಂಗಣ ಕಾರ್ಯಕ್ರಮಗಳೇ ಹೆಚ್ಚಿದ್ದರೆ ಸಿಲಿಕಾನ್ ಫಜ್ ನೆಚ್ಚಿಕೊಳ್ಳಬಹುದು.

ಪ್ರಶ್ನೆ: ಡಿಲೇ ಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಎಲ್ಲಿಡಬೇಕು?

ಉತ್ತರ: ಡಿಸ್ಟಾರ್ಷನ್ ಆದ ಮೇಲೆ. ಅದು ಪೆಡಲ್‌ನಿಂದ ಬರುತ್ತಿದ್ದರೆ ಪೆಡಲ್‌ನ ನಂತರ, ಪ್ರಿಆಂಪ್‌ನಿಂದಾದರೆ ಎಫೆಕ್ಟ್ಸ್ ಲೂಪ್‌ನಲ್ಲಿ (ಪ್ರಿಆಂಪ್‌ನ ನಂತರ ಪೆಡಲ್ ಸೇರಿಸಲು ಆಂಪ್‌ನಲ್ಲಿರುವ ಜಾಗ). ಹಳೆಯ ಬಗೆಯ ಆಂಪ್‌ಗೆ ಲೂಪ್ ಇರುವುದಿಲ್ಲ. ಆಗ ಆಂಪ್ ಮುಂದೆಯೇ ಇಟ್ಟು 300ರಿಂದ 350 ಮಿಲಿಸೆಕೆಂಡ್, ಎರಡು ಮೂರು ಪುನರಾವರ್ತನೆ, ಮಿಕ್ಸ್ ಶೇ 15ರಷ್ಟು ಸಾಕು. ಫೇಸರ್ ಮಾತ್ರ ಡಿಸ್ಟಾರ್ಷನ್‌ಗಿಂತ ಮುಂಚೆಯೇ ಹಿತ.

ಪ್ರಶ್ನೆ: 16 ಓಮ್ ಔಟ್‌ಪುಟ್‌ನ ಟ್ಯೂಬ್ ಆಂಪ್‌ಗೆ 8 ಓಮ್ ಸ್ಪೀಕರ್ ಪೆಟ್ಟಿಗೆ ಹಾಕಬಹುದೇ?

ಉತ್ತರ: ಆಂಪ್‌ನಲ್ಲಿ 8 ಓಮ್ ಆಯ್ಕೆ ಇದ್ದರೆ ಅದಕ್ಕೇ ಹಾಕಿ. ಇಲ್ಲದಿದ್ದರೆ ಬೇಡ. ಎರಡು 8 ಓಮ್ ಪೆಟ್ಟಿಗೆಗಳು ಪ್ಯಾರಲಲ್ ಆದರೆ 4 ಓಮ್ ಎಂಬುದು ನೆನಪಿರಲಿ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್‌ನಲ್ಲಿ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಚಿಮ್ಮಿ ಅದು ಸುಟ್ಟುಹೋಗಬಹುದು. ಗಿಟಾರ್ ಕೇಬಲ್‌ನಿಂದ ಸ್ಪೀಕರ್ ಜೋಡಿಸಲೂಬೇಡಿ, ಒಳಗಿನ ತಂತಿ ತೀರ ಸಣ್ಣದು.

ಪ್ರಶ್ನೆ: ಮಾಡೆಲರ್ (ಆಂಪ್, ಪೆಡಲ್‌ಗಳನ್ನು ಅನುಕರಿಸುವ ಡಿಜಿಟಲ್ ಸಾಧನ) ಹೆಡ್‌ಫೋನ್‌ನಲ್ಲಿ ಚೆನ್ನಾಗಿದೆ, ಗಿಟಾರ್ ಆಂಪ್‌ಗೆ ಹಾಕಿದರೆ ಮಂಕು.

ಉತ್ತರ: ಸದ್ದು ಎರಡು ಸ್ಪೀಕರ್‌ಗಳ ಮೂಲಕ ಹಾದುಬರುತ್ತಿದೆ: ಮಾಡೆಲರ್‌ನೊಳಗಿನ ಕೃತಕ ಕ್ಯಾಬಿನೆಟ್, ಹೊರಗಿನ ನಿಜವಾದದ್ದು. ಕ್ಯಾಬಿನೆಟ್ ಆಫ್ ಮಾಡಿ, ಆಂಪ್‌ನ ಎಫೆಕ್ಟ್ಸ್ ರಿಟರ್ನ್‌ಗೆ ಜೋಡಿಸಿ. ಪಿಎ ಸಿಸ್ಟಮ್‌ಗೆ ಹೋಗುವಾಗ ಕ್ಯಾಬಿನೆಟ್ ಆನ್ ಇರಲಿ, 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 6 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸಿ. ಮೆಲ್ಲಗಿನ ಸದ್ದಿನಲ್ಲಿ ಕಿವಿಗೆ ಬಾಸ್, ಟ್ರೆಬಲ್ ಕಡಿಮೆ ಕೇಳುವುದರಿಂದ ಹೆಡ್‌ಫೋನ್‌ನಲ್ಲಿ ಅವನ್ನು ಏರಿಸಿಬಿಡುತ್ತೇವೆ. ವೇದಿಕೆಯ ಪ್ರಿಸೆಟ್‌ಗಳನ್ನು ವೇದಿಕೆಯ ಜೋರಿನಲ್ಲೇ, ಬ್ಯಾಂಡ್ ನುಡಿಯುತ್ತಿರುವಾಗಲೇ ಸರಿಪಡಿಸಿ ಸೇವ್ ಮಾಡಿ.