ಅಪ್‌ಲೋಡ್ ಮಾಡಿದ ಮೇಲೆ ಹಳೆಯ ಫೈಲ್‌ಗಳು ಏಕೆ ಕಾಣೆಯಾದವು?

ಪ್ರಶ್ನೆ: ಕಚೇರಿ ಕೆಲಸದ ಆ್ಯಪ್‌ಗಳನ್ನು ರೂಪಿಸುವ ಆನ್‌ಲೈನ್ ಸೇವೆಯಾದ ಕಿನ್‌ಟೋನ್‌ನಲ್ಲಿರುವ ನಮ್ಮ ಆ್ಯಪ್‌ಗೆ ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಇದುವರೆಗೆ ಸೆಟ್ಟಿಂಗ್ಸ್ ಪುಟದಿಂದಲೇ ಸೇರಿಸುತ್ತಿದ್ದೆ. ಈಚೆಗೆ ಕಸ್ಟಮೈಸ್ ಅಪ್‌ಲೋಡರ್ ಎಂಬ ಕಮಾಂಡ್ ಲೈನ್ ಟೂಲ್ ಬಳಸಿದೆ. ಹೊಸ ಫೈಲ್ ಸರಿಯಾಗಿ ಹೋಯಿತು, ಆದರೆ ಮೊದಲಿದ್ದ ಜೆಕ್ವೆರಿ (ಸಿದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿ) ಲಿಂಕ್ ಮತ್ತು ಮೊಬೈಲ್‌ಗೆಂದು ಹಾಕಿದ್ದ ಫೈಲ್ ಕಾಣೆಯಾದವು. ಸಹೋದ್ಯೋಗಿಯೊಬ್ಬರು ಅರ್ಧಕ್ಕೆ ನಿಲ್ಲಿಸಿದ್ದ ಫಾರ್ಮ್ ಬದಲಾವಣೆಯೂ ಎಲ್ಲರಿಗೂ ಕಾಣಿಸತೊಡಗಿತು. ಹೀಗೇಕಾಯಿತು? ಸರಿಯಾದ ಕ್ರಮ ಯಾವುದು?

ಉತ್ತರ: ಈ ಟೂಲ್ ಇರುವ ಪಟ್ಟಿಗೆ ಫೈಲ್ ಸೇರಿಸುವುದಿಲ್ಲ, ಇಡೀ ಪಟ್ಟಿಯನ್ನೇ ಬದಲಿಸುತ್ತದೆ. ಯಾವ ಫೈಲ್‌ಗಳು ಆ್ಯಪ್‌ಗೆ ಹೋಗಬೇಕೆಂದು ಟೂಲ್‌ಗೆ ತಿಳಿಸುವ ನಿಮ್ಮ ಮ್ಯಾನಿಫೆಸ್ಟ್ ಫೈಲಿನಲ್ಲಿ ಡೆಸ್ಕ್‌ಟಾಪ್ ಮತ್ತು ಮೊಬೈಲ್ ಎಂಬ ಎರಡು ಭಾಗಗಳಿವೆ. ಅಲ್ಲಿ ಬರೆದಿದ್ದಷ್ಟೇ ಆ್ಯಪ್‌ನಲ್ಲಿ ಉಳಿಯುತ್ತದೆ. ಮೊಬೈಲ್ ಪಟ್ಟಿ ಖಾಲಿಯಿದ್ದರೆ ಆ್ಯಪ್‌ನಲ್ಲೂ ಅದು ಖಾಲಿಯಾಗುತ್ತದೆ.

ಆದ್ದರಿಂದ ಈಗಾಗಲೇ ಕಸ್ಟಮೈಸ್ ಆಗಿರುವ ಆ್ಯಪ್ ಆದರೆ ಮೊದಲು ಇಂಪೋರ್ಟ್ ಮಾಡಿ, ಆಮೇಲೆ ಅಪ್‌ಲೋಡ್. ಇನಿಟ್ ಕಮಾಂಡ್ ಕೊಟ್ಟಾಗ ಆ್ಯಪ್ ಐಡಿ ಮತ್ತು ಸ್ಕೋಪ್ (ಕಸ್ಟಮೈಸೇಶನ್ ಯಾರಿಗೆ ಅನ್ವಯ ಎಂಬುದು) ಕೇಳಿ ಮ್ಯಾನಿಫೆಸ್ಟ್ ಸಿದ್ಧವಾಗುತ್ತದೆ. ಆ ಮ್ಯಾನಿಫೆಸ್ಟ್ ಹೆಸರನ್ನು ಇಂಪೋರ್ಟ್ ಕಮಾಂಡ್‌ಗೆ ಕೊಟ್ಟರೆ ಆ್ಯಪ್‌ನಲ್ಲಿರುವ ಫೈಲ್‌ಗಳು ನಿಮ್ಮ ಕಂಪ್ಯೂಟರಿಗೆ ಇಳಿಯುತ್ತವೆ, ಲಿಂಕ್‌ಗಳೂ ಪಟ್ಟಿಗೆ ಬರುತ್ತವೆ. ಹೊಸ ಫೈಲನ್ನು ಆ ಪಟ್ಟಿಗೆ ಸೇರಿಸಿ. ಮೇಲಿನಿಂದ ಕೆಳಕ್ಕೆ ಬರೆದ ಕ್ರಮದಲ್ಲೇ ಅವು ಲೋಡ್ ಆಗುವುದರಿಂದ ಜೆಕ್ವೆರಿ ಲಿಂಕ್ ನಿಮ್ಮ ಫೈಲಿಗಿಂತ ಮೇಲಿರಬೇಕು. ಈಗ ಕಾಣೆಯಾಗಿರುವ ಲಿಂಕನ್ನು ಕೈಯಾರೆ ಬರೆದರೆ ಸಾಕು. ಮೊಬೈಲ್ ಫೈಲನ್ನು ಮಾತ್ರ ನಿಮ್ಮ ಬಳಿಯ ಪ್ರತಿಯಿಂದಲೇ ಮತ್ತೆ ಹಾಕಬೇಕು.

ಇನ್ನು ಫಾರ್ಮ್ ವಿಷಯ, ಇದು ಹೆಚ್ಚು ಗಂಭೀರ. ಕಿನ್‌ಟೋನ್‌ನಲ್ಲಿ ಸೆಟ್ಟಿಂಗ್ಸ್ ಬದಲಾವಣೆಗಳು ಮೊದಲು ಪರೀಕ್ಷಾ ಹಂತದಲ್ಲಿ ಕೂರುತ್ತವೆ, ಆ್ಯಪ್ ಅಪ್‌ಡೇಟ್ ಮಾಡಿದಾಗಲಷ್ಟೇ ಬಳಕೆದಾರರನ್ನು ತಲುಪುತ್ತವೆ. ಟೂಲ್ ಫೈಲ್‌ಗಳನ್ನು ಕಳುಹಿಸಿ, ಪರೀಕ್ಷಾ ಹಂತದ ಸೆಟ್ಟಿಂಗ್ಸ್‌ನಲ್ಲಿ ಪಟ್ಟಿ ಬದಲಿಸಿ, ಕೊನೆಗೆ ಆ ಅಪ್‌ಡೇಟನ್ನೂ ತಾನೇ ಮಾಡುತ್ತದೆ. ಆಗ ಆ ಹಂತದಲ್ಲಿ ಕಾದಿರುವ ಎಲ್ಲವೂ ಒಟ್ಟಿಗೆ ಜಾರಿಯಾಗುತ್ತವೆ, ಯಾರು ಮಾಡಿದ್ದೆಂದು ನೋಡುವುದಿಲ್ಲ. ಅಪ್‌ಲೋಡ್‌ಗೆ ಮೊದಲು ಸೆಟ್ಟಿಂಗ್ಸ್ ಪುಟ ತೆರೆದು ಬಾಕಿ ಬದಲಾವಣೆ ಇದೆಯೇ ನೋಡಿ, ಇದ್ದರೆ ಅದನ್ನು ಮಾಡಿದವರನ್ನು ಕೇಳದೆ ಮುಂದುವರಿಯಬೇಡಿ.

ಇದೇ ಕಾರಣಕ್ಕೆ ವಾಚ್ ಆಯ್ಕೆಯನ್ನು ಜನ ಬಳಸುತ್ತಿರುವ ಆ್ಯಪ್ ಮೇಲೆ ಹಚ್ಚಲೇಬೇಡಿ. ಅದು ಫೈಲ್ ಸೇವ್ ಆದಾಗಲೆಲ್ಲ ಅಪ್‌ಲೋಡ್ ಮಾಡಿ ಜಾರಿಗೂ ತರುತ್ತದೆ. ಅರ್ಧ ಬರೆದ ಸಾಲು ಕೂಡ ಎಲ್ಲರ ಪರದೆಗೆ ಹೋಗುತ್ತದೆ. ಆ್ಯಪ್‌ನ ನಕಲೊಂದನ್ನು ಮಾಡಿ, ಅದರ ಐಡಿಯೊಂದಿಗೆ ಬೇರೆ ಮ್ಯಾನಿಫೆಸ್ಟ್ ಇಟ್ಟುಕೊಂಡರೆ ವಾಚ್ ನಿಜಕ್ಕೂ ಬಹಳ ಅನುಕೂಲ.

ಸ್ಕೋಪ್‌ಗೆ ಆಲ್ (ಎಲ್ಲರಿಗೂ), ಅಡ್ಮಿನ್, ನನ್ (ಯಾರಿಗೂ ಇಲ್ಲ) ಎಂಬ ಮೂರು ಆಯ್ಕೆಗಳಿವೆ. ಅಡ್ಮಿನ್ ಎಂದಿಟ್ಟರೆ ಆ್ಯಪ್ ನಿರ್ವಾಹಕರಿಗೆ ಮಾತ್ರ ಕಸ್ಟಮೈಸೇಶನ್ ಓಡುತ್ತದೆ. ಹೊಸ ಆ್ಯಪ್‌ಗೆ ಇದು ಒಳ್ಳೆಯ ಪರೀಕ್ಷೆ. ಆದರೆ ಈಗಾಗಲೇ ಚಾಲ್ತಿಯಲ್ಲಿರುವ ಆ್ಯಪ್‌ನಲ್ಲಿ ಹೀಗೆ ಬದಲಿಸಿದರೆ, ಉಳಿದವರಿಗೆ ಹಳೆಯ ಸೌಲಭ್ಯವೂ ನಿಂತುಹೋಗುತ್ತದೆ.

ಫೈಲ್ ಸಿಗುತ್ತಿಲ್ಲವೆಂಬ ದೋಷ ಬಂದರೆ ನೀವು ಯಾವ ಫೋಲ್ಡರ್‌ನಲ್ಲಿ ನಿಂತು ಕಮಾಂಡ್ ಕೊಟ್ಟಿರಿ ನೋಡಿ. ಪಟ್ಟಿಯಲ್ಲಿರುವ ದಾರಿಯನ್ನು ಅಲ್ಲಿಂದಲೇ ಹುಡುಕಲಾಗುತ್ತದೆ, ಮ್ಯಾನಿಫೆಸ್ಟ್ ಇರುವ ಜಾಗದಿಂದಲ್ಲ. ವೆಬ್‌ಪ್ಯಾಕ್‌ನಂಥ ಬಂಡ್ಲರ್ (ಹಲವು ಫೈಲ್‌ಗಳನ್ನು ಒಂದಾಗಿಸುವ ಟೂಲ್) ಬಳಸುತ್ತಿದ್ದರೆ ಪಟ್ಟಿಯಲ್ಲಿ ಮೂಲ ಫೈಲಿನ ಬದಲು ಬಂಡಲ್ ಆದ ಫೈಲ್ ಇರಲಿ. ಅನುಮತಿ ಇಲ್ಲವೆಂದು ಬಂದರೆ ನಿಮ್ಮ ಖಾತೆಗೆ ಆ್ಯಪ್ ನಿರ್ವಹಣೆಯ ಹಕ್ಕಿದೆಯೇ ಪರಿಶೀಲಿಸಿ.

ಪಾಸ್‌ವರ್ಡನ್ನು ಕಮಾಂಡ್ ಜೊತೆಗೆ ಟೈಪ್ ಮಾಡಿದರೆ ಅದು ಟರ್ಮಿನಲ್‌ನ ಹಿಸ್ಟರಿಯಲ್ಲಿ ಉಳಿಯಬಹುದು. ಕಿನ್‌ಟೋನ್ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಮೂರನ್ನೂ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ (ಕಮಾಂಡ್‌ನಿಂದ ಹೊರಗೆ ಕಂಪ್ಯೂಟರಿನಲ್ಲಿ ಹೊಂದಿಸಿಡುವ ಮೌಲ್ಯಗಳು) ಇಡಲು ಟೂಲ್‌ನಲ್ಲಿ ಅವಕಾಶವಿದೆ. ಮ್ಯಾನಿಫೆಸ್ಟನ್ನು ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಟೂಲ್) ಸೇರಿಸಿ, ಪಾಸ್‌ವರ್ಡ್ ಇರುವ ಫೈಲನ್ನು ಸೇರಿಸಬೇಡಿ.