ನಿಮ್ಮ ಕಥೆ ಏಳನೇ ಪುಟದಲ್ಲಿದೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ಎರಡು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಆದರೆ ಏಳನೇ ಪುಟ ಬಿಡಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಅಕ್ಕತಂಗಿಯರು ಲಿಲಿ ಮತ್ತು ರೋಸ್. ಅವರ ಅಪ್ಪ 1936ರಲ್ಲಿ ಚೀನಾದ ತಾಯ್‌ಶಾನ್‌ನಿಂದ ಬಂದವನು, ಬೇರೆ ಯಾರದೋ ಮಗನೆಂದು ಕಾಗದ ಕೊಂಡುಕೊಂಡು. ಆಗ ಅಮೆರಿಕದ ಕಾನೂನು ಚೀನೀಯರನ್ನು ಒಳಗೆ ಬಿಡುತ್ತಿದ್ದುದೇ ಅಪರೂಪ, ಅಲ್ಲಿನ ಪ್ರಜೆಯ ಮಗನಾದರೆ ಬರಬಹುದಿತ್ತು. ಹುಟ್ಟಿದ್ದು ಲೀ ಮನೆತನದಲ್ಲಿ, ಕಾಗದದಲ್ಲಿ ವಾಂಗ್. ಒಳ್ಳೆಯ ವಸ್ತು. ಆದರೆ ಮೊದಲ ಆರು ಪುಟ ಪೂರ್ತಿ ಡ್ರ್ಯಾಗನ್ ಕುಣಿತ, ಕೆಂಪು ಲಾಟೀನು, ಡಂಪ್ಲಿಂಗ್ ಹಬೆ. ಇದು ಭಾನುವಾರ ಚೈನಾಟೌನ್ ಸುತ್ತಲು ಹೋದವರ ಕಣ್ಣು. ಅಲ್ಲೇ ಹುಟ್ಟಿದ ಲಿಲಿ ಲಾಟೀನು ನೋಡಿ ಬೆರಗಾಗುತ್ತಾಳಾ? ನಿಮ್ಮ ಮನೆಯ ತುಳಸಿಕಟ್ಟೆ ನೋಡಿ ನೀವು ಬೆರಗಾಗುತ್ತೀರಾ?

ಅಮ್ಮ 1948ರಲ್ಲಿ, ವಲಸಿಗರನ್ನು ತಡೆದು ವಿಚಾರಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದ್ವೀಪ ಏಂಜೆಲ್ ಐಲ್ಯಾಂಡ್‌ನಲ್ಲಿ ಬಂದಿಯಾಗಿದ್ದು, ಗೋಡೆಯ ಮೇಲೆ ಪದ್ಯ ಕೊರೆದಳು ಎನ್ನುತ್ತೀರಿ. ಮುಂದೆ ರೋಸ್ ಹೋಗಿ ಆ ಪದ್ಯ ಸವರಿ ಅಳುತ್ತಾಳೆ. ಆಗುವುದಿಲ್ಲ. 1940ರ ಬೆಂಕಿಯ ನಂತರ ಆ ದ್ವೀಪದ ವಲಸೆ ಠಾಣೆಯೇ ಮುಚ್ಚಿತು. ಹೆಂಗಸರನ್ನು ಇಟ್ಟಿದ್ದ ಕಟ್ಟಡ ಸುಟ್ಟು ಹೋಯಿತು. ಈಗ ಗೋಡೆಯಲ್ಲಿ ಉಳಿದಿರುವುದು ಗಂಡಸರ ಬ್ಯಾರಕ್‌ನ ಪದ್ಯಗಳು. 1948ರಲ್ಲಿ ಬಂದ ಹೆಂಗಸರನ್ನು ತಡೆದು ಇಟ್ಟಿದ್ದು ನಗರದೊಳಗೆ, ಸ್ಯಾನ್ಸಮ್ ಬೀದಿಯ ಸರ್ಕಾರಿ ಕಟ್ಟಡದಲ್ಲಿ. ಆ ಅಳುವ ದೃಶ್ಯ ತೆಗೆದುಬಿಡಿ. ನಿಜ ಹೇಳಬೇಕೆಂದರೆ, ಇತಿಹಾಸ ಸರಿಯಿದ್ದರೂ ತೆಗೆಯಿರಿ ಎನ್ನುತ್ತಿದ್ದೆ.

ಭಾಷೆಯದೂ ಒಂದು ಮಾತು. ತಾಯ್‌ಶಾನ್‌ನವರ ಮನೆಯಲ್ಲಿ ಎಲ್ಲರಿಂದಲೂ ನೀವು ಮ್ಯಾಂಡರಿನ್ ಆಡಿಸಿದ್ದೀರಿ. ಅವರ ಮನೆಮಾತೇ ಬೇರೆ. ಮಂಗಳೂರಿನ ತುಳು ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಹಿಂದಿ ಆಡಿಸಿದ ಹಾಗಾಯಿತು. ಇನ್ನು ಲಿಲಿ, ರೋಸ್ ಒಬ್ಬರನ್ನೊಬ್ಬರು ಬರೀ ಹೆಸರು ಹಿಡಿದು ಕರೆಯುತ್ತಾರೆ, ಇಂಗ್ಲಿಷ್ ಸಿನಿಮಾದವರ ಹಾಗೆ. ಅವರ ಮಾತಿನಲ್ಲೂ ಅಕ್ಕನಿಗೆ ಒಂದು ಪದ, ತಂಗಿಗೆ ಇನ್ನೊಂದು. ಇಂಗ್ಲಿಷ್‌ನಲ್ಲಿ ಬರೆಯುವವರು ಇಲ್ಲಿ ಪರದಾಡಬೇಕು. ನಿಮಗೆ ಕನ್ನಡ ಇದೆ, ರೋಸ್ ಬಾಯಲ್ಲಿ 'ಅಕ್ಕ' ಅನ್ನಿಸಿ. ಜಗಳ ತಾರಕಕ್ಕೆ ಹೋದಾಗ ಮಾತ್ರ ಅವಳು 'ಲಿಲಿ' ಅನ್ನಲಿ.

ಈಗ ಏಳನೇ ಪುಟ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೋಲ್ಮಾ ಊರಿನ ಸ್ಮಶಾನದಲ್ಲಿ ಅಪ್ಪನ ಗೋರಿಕಲ್ಲು. ಚೀನೀ ಅಕ್ಷರದಲ್ಲಿ ಲೀ, ಇಂಗ್ಲಿಷ್‌ನಲ್ಲಿ ವಾಂಗ್. ಇಂಥ ಕಲ್ಲುಗಳು ನಿಜಕ್ಕೂ ಇವೆ. ಇಂಗ್ಲಿಷ್‌ನಲ್ಲೂ ಲೀ ಎಂದು ಕೆತ್ತಿಸೋಣ ಎನ್ನುತ್ತಾಳೆ ಲಿಲಿ. ರೋಸ್ ಬೇಡ ಎನ್ನುತ್ತಾಳೆ. ಹನ್ನೆರಡು ಸಾಲಿಗೆ ಜಗಳ ಮುಗಿಸಿ, ಮತ್ತೆ ಲಾಟೀನಿಗೆ ಓಡಿದ್ದೀರಿ! ರೋಸ್‌ಳನ್ನು ಬೇರು ಮರೆತವಳು ಎಂದು ಒಂದೇ ಮಾತಿನಲ್ಲಿ ಬದಿಗೆ ತಳ್ಳಿದ್ದೀರಿ. ಅವಳು ಶಾಲೆಗೆ ಹೋಗಿದ್ದು ವಾಂಗ್ ಆಗಿ, ಸಂಬಳ ಎಣಿಸಿದ್ದು ವಾಂಗ್ ಆಗಿ. ಅವಳಿಗೆ ಅದು ಸುಳ್ಳು ಹೆಸರಲ್ಲ ಅಲ್ವಾ? ಅವಳ ಕಡೆಯೂ ವಾದ ಮಾಡಿ.

ಇನ್ನೊಂದು. ವಲಸೆ ಠಾಣೆಯಲ್ಲಿ ಸುಳ್ಳು ಕಾಗದ ಹಿಡಿಯಲು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆಗಳನ್ನು ನೀವು ಅರ್ಧ ಪ್ಯಾರಾದಲ್ಲಿ ಪಟ್ಟಿ ಮಾಡಿದ್ದೀರಿ: ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿ ಡಬ್ಬ ಎಲ್ಲಿತ್ತು, ಮೂರನೇ ಮನೆಯಲ್ಲಿ ಯಾರಿದ್ದರು. ಅಪ್ಪ ಹಡಗಿನಲ್ಲಿ ಬಾಯಿಪಾಠ ಮಾಡಿದ ಆ ಮನೆ ಅವನದಲ್ಲ. ಹಾಗಾದರೆ ಮಕ್ಕಳಿಗೆ ಊರಿನ ಸುದ್ದಿ ಹೇಳುವಾಗ ಅವನು ಯಾವ ಮನೆಯ ಮೆಟ್ಟಿಲು ಎಣಿಸಿದ? 1956ರಲ್ಲಿ ಸರ್ಕಾರ ನಿಜ ಹೆಸರು ಒಪ್ಪಿಕೊಳ್ಳಿ ಎಂಬ ಯೋಜನೆ ತಂದಿತು. ಒಬ್ಬರು ಒಪ್ಪಿಕೊಂಡರೆ ಅದೇ ಕಾಗದದ ನಂಟರೆಲ್ಲ ಸಿಕ್ಕಿಬೀಳುತ್ತಿದ್ದರು. ಆಗ ಲಿಲಿಗೆ ಐದು ವರ್ಷ, ರೋಸ್ ಹುಟ್ಟಿರಲಿಲ್ಲ. ಭಯ ಇದ್ದಾಗ ಅಕ್ಕನಿಗೆ ಒಂದು ಮನೆ, ಭಯ ಕಳೆದ ಮೇಲೆ ತಂಗಿಗೆ ಇನ್ನೊಂದು ಮನೆ ಹೇಳಿದ್ದರೆ? ಗೋರಿಯ ಮುಂದೆ ನಿಂತಾಗ ಇಬ್ಬರಿಗೂ ಅದು ಗೊತ್ತಾದರೆ?

ಇದು ನನ್ನ ಊಹೆ ಅಷ್ಟೇ. ಒಪ್ಪದಿದ್ದರೆ ಬಿಡಿ. ಕಥೆಯನ್ನು ಸ್ಮಶಾನದಿಂದಲೇ ಶುರು ಮಾಡಿ, ಮೂರು ತಿಂಗಳು ಬಿಟ್ಟು ಕಳಿಸಿ. ರೋಸ್ ಕಿತ್ತಳೆ ಸುಲಿದು, ಮಾತಿಲ್ಲದೆ ಮೊದಲ ತೊಳೆ ಅಕ್ಕನ ಕೈಗಿಡುವ ಸಾಲನ್ನು ಮಾತ್ರ ಮುಟ್ಟಬೇಡಿ.